'ಇಂಟರ್ನೆಟ್ ಇಲ್ಲ' ಎಂಬ ದೂರು

ಬೆಳ್ತಂಗಡಿಯ ಶಾಖೆಯಿಂದ ಬೆಂಗಳೂರಿನ ಸರ್ವಿಸ್ ಡೆಸ್ಕಿಗೆ ಇಂಥದೊಂದು ದೂರು ಬಂತೆನ್ನಿ. ಬಂಟ್ವಾಳದಲ್ಲೋ ಮೂಡುಬಿದಿರೆಯಲ್ಲೋ ಓದಿ ಅಲ್ಲಿ ಕೆಲಸಕ್ಕೆ ಸೇರಿದ ನಿಮ್ಮ ವಿದ್ಯಾರ್ಥಿನಿ ಏನು ಮಾಡಬೇಕು? ಬರಿದೇ ಊಹಿಸಿದರೆ ತಂತ್ರಜ್ಞನೊಬ್ಬ ಸುಮ್ಮನೆ ಚಾರ್ಮಾಡಿ ಘಾಟಿ ಇಳಿಯಬೇಕಾದೀತು. ಪ್ರಯೋಗಶಾಲೆಯ ವಿದ್ಯುನ್ಮಂಡಲದಂತೆ ಹಾದಿಯನ್ನು ತುಂಡುತುಂಡಾಗಿ ಪರೀಕ್ಷಿಸಬೇಕು.

ಫೋನಿನಲ್ಲೇ ಹೇಳಿ, ಮೊದಲು 127.0.0.1ಕ್ಕೆ 'ಪಿಂಗ್' ಮಾಡಿಸುತ್ತಾಳೆ. ಇದು ಗಣಕ ತನ್ನನ್ನೇ ಕರೆಯುವ ವಿಳಾಸ. ಉತ್ತರ ಬಂದರೆ ಒಳಗಿನ ಜಾಲತಂತ್ರಾಂಶ ಸರಿ. ಕೇಬಲಿನ ಬಗ್ಗೆ ಮಾತ್ರ ಏನೂ ತಿಳಿಯದು. ಮುಂದಿನದು ರೌಟರ್. ಅದು ಉತ್ತರಿಸಿ, ಬೆಂಗಳೂರಿನ ಸರ್ವರ್ ಉತ್ತರಿಸದಿದ್ದರೆ ಸಂಶಯ ರೌಟರಿನಾಚೆ. (ಪಿಂಗ್‌ಗೆ ಉತ್ತರಿಸದಂತೆ ಬಾಯಿ ಕಟ್ಟಿದ ಸರ್ವರುಗಳೂ ಉಂಟು!)

ಉತ್ತರ ಬಂದರೂ ಹೊತ್ತು ನೋಡಿ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, 300 ಕಿ.ಮೀ. ಹೋಗಿಬರಲು 3 ಮಿಲಿಸೆಕೆಂಡು ಸಾಕು. ಪರದೆಯಲ್ಲಿ 400 ಕಂಡರೆ ಅದು ದೂರದ ತಪ್ಪಲ್ಲ. ಹೆಚ್ಚಾಗಿ ನಡುವೆ ಎಲ್ಲೋ ಸರದಿ ಬೆಳೆದಿರುತ್ತದೆ.