ಹುಲಿಕೆರೆಯ ಸೋಪಾನಗಳೂ ಶ್ರೇಢಿಯ ಒಂದು ಒಗಟೂ

ಲೆಕ್ಕದ ಒಗಟುಗಳನ್ನೊಡ್ಡಿ ಸಹಪಾಠಿಗಳನ್ನು ಪರೀಕ್ಷಿಸುವುದು ವಿದ್ಯಾರ್ಥಿಗಳಲ್ಲಿ ಬಹುಕಾಲದಿಂದ ಬಂದ ವಾಡಿಕೆ. ಅದು ಕೇವಲ ವಿನೋದವಲ್ಲವೆಂಬುದನ್ನು ಒಂದು ನಿದರ್ಶನದಿಂದ ತೋರಿಸಬಹುದು.

ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯೊಂದಿದೆ. ಸುತ್ತಲಿಂದಲೂ ಸೋಪಾನಗಳು ಕೆಳಗಿಳಿಯುವ ಅದರ ರಚನೆಯು ಈ ಕಲ್ಪಿತ ಪ್ರಶ್ನೆಯನ್ನು ಸೂಚಿಸುತ್ತದೆ: ತಳದಲ್ಲಿ ಒಂದು ಚೌಕಗಲ್ಲು; ಅದರ ಸುತ್ತ ಅದೇ ಅಳತೆಯ ೮ ಕಲ್ಲುಗಳು, ಅದರಾಚೆ ೧೬, ಬಳಿಕ ೨೪. ಹೀಗೆ ೧೦ ಸುತ್ತುಗಳಾದರೆ ಒಟ್ಟು ಕಲ್ಲುಗಳೆಷ್ಟು?

ಸೂತ್ರವನ್ನು ಕಲಿತವನು ಸಮಾಂತರ ಶ್ರೇಢಿಯ ಮೊತ್ತವಾದ ೪೪೦ಕ್ಕೆ ನಡುಗಲ್ಲನ್ನು ಕೂಡಿಸಿ ೪೪೧ ಎನ್ನುವನು. ಉತ್ತರ ಸರಿ. ಆದರೆ ಗೆಳೆಯನು, '೧೦೦೦ ಕಲ್ಲುಗಳಿಂದ ಪೂರ್ಣ ಸುತ್ತುಗಳೆಷ್ಟಾದಾವು?' ಎಂದು ಮರುಪ್ರಶ್ನೆ ಹಾಕಿದರೆ ಅವನು ವರ್ಗಸಮೀಕರಣದ ಮೊರೆಹೋಗಬೇಕಾಗುತ್ತದೆ. ಆಕೃತಿಯನ್ನು ಕಂಡವನಿಗೆ ಆ ಶ್ರಮವಿಲ್ಲ. ಪ್ರತಿಯೊಂದು ಸುತ್ತೂ ಚೌಕದ ಭುಜವನ್ನು ೨ರಷ್ಟು ಹೆಚ್ಚಿಸುವುದರಿಂದ, ಮೊತ್ತವು ಯಾವಾಗಲೂ ಬೆಸಸಂಖ್ಯೆಯೊಂದರ ವರ್ಗವೇ ಆಗಿರುತ್ತದೆ. ೧೦೦೦ವನ್ನು ಮೀರದ ಅಂತಹ ವರ್ಗಗಳಲ್ಲಿ ಅತಿ ದೊಡ್ಡದು ೩೧ರ ವರ್ಗ, ಎಂದರೆ ೯೬೧. ಆದುದರಿಂದ ಸುತ್ತುಗಳು ೧೫, ಉಳಿಯುವ ಕಲ್ಲುಗಳು ೩೯.

೧೨ನೆಯ ಶತಮಾನದಲ್ಲಿ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿ ರಚಿಸಿದ ರಾಜಾದಿತ್ಯನು ಸೂತ್ರಗಳೊಡನೆ ಉದಾಹರಣೆಗಳನ್ನೂ ಇರಿಸಿದನು. ಉದಾಹರಣೆಯು ಸೂತ್ರದ ಒರೆಗಲ್ಲು. ಮೊದಲ ಪ್ರಶ್ನೆಯನ್ನಷ್ಟೇ ಕೇಳುವ ಪರೀಕ್ಷೆಯಲ್ಲಿ ಮೇಲಿನ ಇಬ್ಬರಿಗೂ ದೊರೆಯುವ ಅಂಕಗಳು ಒಂದೇ. ಅವರ ತಿಳಿವಳಿಕೆಯ ಭೇದವು ಗೊತ್ತಾಗುವುದು ಮರುಪ್ರಶ್ನೆಯಿಂದ. ಪ್ರಶ್ನೆಯನ್ನು ಹೀಗೆ ತಿರುಗಿಸಿ ಕೇಳುವ ಅವಕಾಶವನ್ನು ಅಧ್ಯಾಪಕರು ತರಗತಿಯಲ್ಲಿಯೇ ವಿದ್ಯಾರ್ಥಿಗಳಿಗೆ ಒದಗಿಸುವುದು ಉಚಿತ.