ಹಿತ್ತಲಿಗೆ ಬರಿಗಾಲಲ್ಲಿ ಇಳಿಯಬೇಡಿ

ಕಾಡಿಗೆ ಹೊರಟವರು ಬೂಟು ಹಾಕುತ್ತಾರೆ, ಕೈಯಲ್ಲೊಂದು ಕೋಲು ಹಿಡಿಯುತ್ತಾರೆ. ಅದೇ ಜನ ಮುಸ್ಸಂಜೆ ಹೊತ್ತಿಗೆ ನಾಲ್ಕೆಳೆ ಕರಿಬೇವು ಕೊಯ್ಯಲು ಬರಿಗಾಲಲ್ಲೇ ಹಿತ್ತಲಿಗೆ ಇಳಿಯುತ್ತಾರೆ. ನಮ್ಮದೇ ಜಾಗ ಎಂಬ ಸಲುಗೆ. ಮಳೆಗಾಲದಲ್ಲಿ ಈ ಸಲುಗೆ ಜೀವಕ್ಕೇ ಎರವಾಗಬಹುದು.

ಮಳೆ ಹಿಡಿದೊಡನೆ ಬಿಲಗಳಿಗೆ ನೀರು ನುಗ್ಗುತ್ತದೆ. ಇಲಿಗಳು ಬಚ್ಚಲ ಹಿಂದಿನ ಸೌದೆ ರಾಶಿಗೆ, ತೆಂಗಿನ ಸಿಪ್ಪೆಯ ಗುಡ್ಡೆಗೆ ಬಂದು ಸೇರುತ್ತವೆ. ಅವುಗಳ ಬೆನ್ನಿಗೇ ಹಾವು. ತರಗೆಲೆಯ ಮೇಲೆ ಮಲಗಿದ ಕೊಳಕುಮಂಡಲ ಕಣ್ಣಿಗೆ ಬೀಳುವುದೇ ಕಷ್ಟ. ಹೆಜ್ಜೆ ಹತ್ತಿರವಾದರೂ ಅದು ಓಡಿಹೋಗದೆ ಅಲ್ಲೇ ಸುತ್ತಿಕೊಂಡು ಕೂತಿರುವುದೇ ಹೆಚ್ಚು. ಕಟ್ಟುಹಾವಿನದು ರಾತ್ರಿ ಸಂಚಾರ. ಅದು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

ಹಾಗಾಗಿ ಸೌದೆಯನ್ನು ಮನೆಗೋಡೆಗೆ ಒತ್ತಿ ನೆಲದ ಮೇಲೆ ಒಟ್ಟಬೇಡಿ. ತುಸು ದೂರದಲ್ಲಿ, ಮೊಳದೆತ್ತರದ ಅಟ್ಟಣೆಯ ಮೇಲಿರಲಿ. ಪೊದೆಯ ಬುಡದಲ್ಲಿ ಬಿದ್ದ ಕಾಯಿ ಹೆಕ್ಕುವಾಗ ಮೊದಲು ಕೋಲು, ಆಮೇಲೆ ಕೈ. ಗಂಬೂಟು ಮತ್ತು ಟಾರ್ಚು ಹಿಂಬಾಗಿಲ ಪಕ್ಕದಲ್ಲೇ ಇರಲಿ. ಹುಡುಕಬೇಕಾಗಿ ಬಂದರೆ ಯಾರೂ ಹಾಕಿಕೊಳ್ಳುವುದಿಲ್ಲ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ದು ರಕ್ತ ಹರಿಸುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆ ಬಿಚ್ಚಿ, ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು, ನಡೆಯಲು ಬಿಡದೆ, 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸಿ. ಹಾವನ್ನು ಹೊಡೆದು ಹೊತ್ತೊಯ್ಯುವ ಅಗತ್ಯವೂ ಇಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಕೊಡುವ ಪ್ರತಿವಿಷ ಒಂದೇ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ತಡವಾಗಿಯಾದರೂ ಬಂದ ಒಳ್ಳೆಯ ಕ್ರಮ ಅದು. ಆದರೆ ಪ್ರತಿವಿಷ ದಾಸ್ತಾನಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮಳೆಗಾಲಕ್ಕೆ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಮನೆಯವರದೇ ಕೆಲಸ.

ನೆಲ ನೋಡಿ ನಡೆದರಷ್ಟೇ ಸಾಲದು, ತಲೆ ಎತ್ತಿಯೂ ನೋಡಬೇಕು. ಮಾವು, ತೆಂಗು ಕೊಯ್ಯುವ ದೋಟಿ ಹಿಂದೆ ಬಿದಿರಿನದಾಗಿತ್ತು. ಈಗ ಅಲ್ಯೂಮಿನಿಯಂ ಬಂದಿದೆ. ಮಲೆನಾಡಿನ ಅಡಿಕೆ ತೋಟಗಳಿಗೆ ಬಂದ ಕಾರ್ಬನ್ ಫೈಬರ್ ದೋಟಿ ಎಷ್ಟೋ ಜನರಿಗೆ ಮರ ಹತ್ತುವ ಅಪಾಯ ತಪ್ಪಿಸಿದೆ, ನಿಜ. ಆದರೆ ಲೋಹವಲ್ಲದಿದ್ದರೂ ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಇದನ್ನು ದೋಟಿ ಮಾರುವವರು ಒತ್ತಿ ಹೇಳಬೇಕು. ಹಸಿ ಬಿದಿರನ್ನೂ ನಂಬುವಂತಿಲ್ಲ. ತಂತಿ ಹಾದುಹೋಗುವ ಕಡೆ ಮರದ ಗೊಡವೆಗೆ ಹೋಗದೆ 1912ಕ್ಕೆ ತಿಳಿಸಿ, ಲೈನ್ ಆಫ್ ಆಯಿತೆಂದು ಲೈನ್‌ಮನ್ ಖಾತರಿಪಡಿಸಿದ ಮೇಲೇ ಕೊಯ್ಯಿರಿ. ಯಾರಿಗಾದರೂ ಶಾಕ್ ಹೊಡೆದಾಗ ಎಳೆಯಲು ಓಡಿದವರೂ ಸತ್ತಿದ್ದಾರೆ. ಮೊದಲು ವಿದ್ಯುತ್ ಕಡಿತವಾಗಲಿ.

ಮಕ್ಕಳಿರುವ ಮನೆಯಲ್ಲಿ ಕೀಟನಾಶಕ ಅದರದೇ ಬಾಟಲಿಯಲ್ಲಿ, ಬೀಗದೊಳಗೆ ಇರಬೇಕು. ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದಿಡುವ ರೂಢಿಯನ್ನು ಇಂದೇ ಬಿಡಿ. ಬೇಲಿಯ ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಗುಲಗಂಜಿಯ ಗಟ್ಟಿ ಸಿಪ್ಪೆ ಒಡೆಯದೆ ಹೊಟ್ಟೆಗೆ ಹೋದರೆ ಅನೇಕ ಬಾರಿ ಹಾಗೇ ಹೊರಬರುತ್ತದೆ, ಜಗಿದರೆ ಮಾತ್ರ ಪ್ರಾಣಾಪಾಯ. ಮಗು ಜಗಿಯಿತೋ ನುಂಗಿತೋ ಎಂದು ಲೆಕ್ಕ ಹಾಕುತ್ತ ಕೂರಬೇಡಿ. ವಾಂತಿ, ಭೇದಿ ಶುರುವಾಗಲು ಗಂಟೆಗಳೇ ಹಿಡಿಯಬಹುದು. ಉಳಿದ ಕಾಳನ್ನು ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೊರಡಿ.