ಎದೆಕಟ್ಟು ತೊಟ್ಟವರ ಉಸಿರಾಟ ಮತ್ತು ವ್ಯಾಯಾಮ

ಕಮ್ಮಾರನ ಕುಲುಮೆಯಲ್ಲಿ ತಿದಿಯೊತ್ತುವುದನ್ನು ಕಂಡವರಿಗೆ ಉಸಿರಾಟದ ಮರ್ಮ ಅರ್ಧ ತಿಳಿದಂತೆಯೇ. ತಿದಿಯ ಹೊಟ್ಟೆ ಹಿಗ್ಗಿದಾಗ ಒಳಗಿನ ಒತ್ತಡ ಕುಗ್ಗಿ ಹೊರಗಿನ ಗಾಳಿ ನುಗ್ಗುತ್ತದೆ; ಅದುಮಿದಾಗ ಗಾಳಿ ಹೊರಕ್ಕೆ ಹೋಗುತ್ತದೆ. ನಮ್ಮ ಎದೆಗೂಡೂ ಇಂಥದೇ ಒಂದು ತಿದಿ. ಪಕ್ಕೆಲುಬುಗಳು ಮೇಲಕ್ಕೂ ಹೊರಕ್ಕೂ ಸರಿದು, ವಪೆ ಎಂಬ ಸ್ನಾಯುಪದರ ಕೆಳಗಿಳಿದು ಎದೆಗೂಡನ್ನು ಹಿಗ್ಗಿಸುತ್ತವೆ. ಆಗ ಶ್ವಾಸಕೋಶಗಳಿಗೆ ಗಾಳಿ ತುಂಬುತ್ತದೆ. ಈಗ ಆ ತಿದಿಯ ಸುತ್ತ ಬಿಗಿಯಾದ ಪಟ್ಟಿಯೊಂದನ್ನು ಕಟ್ಟಿದೆವೆನ್ನಿ. ತಿದಿ ನಿಲ್ಲುವುದಿಲ್ಲ; ಆದರೆ ಪ್ರತಿ ಒತ್ತಿಗೂ ಹೆಚ್ಚು ಶ್ರಮ ಬೇಕು, ಬರುವ ಗಾಳಿಯೂ ಕಡಮೆ. ಎದೆಕಟ್ಟು ತೊಟ್ಟು ಓಡುವವರ, ಆಡುವವರ ಸ್ಥಿತಿಯೂ ಇದೇ.

ಎದೆಕಟ್ಟು ಎಂದು ನಾವಿಲ್ಲಿ ಕರೆಯುತ್ತಿರುವುದು, ಬೈಂಡರ್ ಎಂಬ ಹೆಸರಿನಿಂದ ಮಾರಾಟವಾಗುವ ಬಿಗಿಯಾದ ಒಳ ಉಡುಪನ್ನು. ಹುಟ್ಟಿನಲ್ಲಿ ಹೆಣ್ಣೆಂದು ಗುರುತಿಸಲ್ಪಟ್ಟರೂ ತಾವು ಗಂಡೆಂದು, ಅಥವಾ ಎರಡೂ ಅಲ್ಲವೆಂದು ಅರಿತವರು ಎದೆಯನ್ನು ಚಪ್ಪಟೆಯಾಗಿ ಕಾಣಿಸಲು ಇದನ್ನು ತೊಡುತ್ತಾರೆ. ತನ್ನ ಲಿಂಗವನ್ನು ತಾನೇ ನಿರ್ಧರಿಸಿಕೊಳ್ಳುವ ಹಕ್ಕು ವ್ಯಕ್ತಿಗುಂಟೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ತೀರ್ಪಿತ್ತಿತು. ಇಂಥವರು ಮಹಾನಗರಗಳಲ್ಲಿ ಮಾತ್ರ ಇರುವರೆಂದು ಭಾವಿಸಬೇಕಾಗಿಲ್ಲ. ಬೀದರ್, ಭಾಲ್ಕಿ, ಔರಾದಗಳ ತರಗತಿಗಳಲ್ಲಿಯೂ ಇರಬಹುದು. ಎದೆಕಟ್ಟು ಅವರಿಗೆ ಮನಸ್ಸಿನ ನೆಮ್ಮದಿಯನ್ನು ಕೊಡುತ್ತದೆ. ಅದನ್ನು ತೊಟ್ಟು ಮೈದಾನಕ್ಕಿಳಿದರೆ ಉಸಿರು ಕಟ್ಟುತ್ತದೆ. ತೆಗೆದಿಟ್ಟು ಇಳಿಯಲು ಮನಸ್ಸು ಒಪ್ಪುವುದಿಲ್ಲ. ಈ ಇಕ್ಕಟ್ಟಿನಲ್ಲಿ ಸಿಕ್ಕಿ ವ್ಯಾಯಾಮವನ್ನೇ ಬಿಟ್ಟುಬಿಡುವುದು ನಷ್ಟವೇ ಸರಿ. ದೇಹದ ಮೇಲೆ ಬೀಳುವ ಹೊರೆ ಎಷ್ಟೆಂಬುದನ್ನು ಲೆಕ್ಕಹಾಕಿದರೆ ದಾರಿಯೊಂದು ಕಾಣುತ್ತದೆ.

ಮೊದಲು ಗಾಳಿಯ ಲೆಕ್ಕ. ಸುಮ್ಮನೆ ಕುಳಿತಿರುವ ವಯಸ್ಕನು ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿಯನ್ನು ಎಳೆಯುತ್ತಾನೆ. ಇದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲಿಯೇ ಉಳಿದು ವ್ಯರ್ಥವಾಗುತ್ತದೆ. ಮಿಕ್ಕ 350 ಮಾತ್ರ ಗಾಳಿಗೂಡುಗಳನ್ನು ಮುಟ್ಟಿ ರಕ್ತಕ್ಕೆ ಆಮ್ಲಜನಕವನ್ನು ಒದಗಿಸುತ್ತದೆ. ನಿಮಿಷಕ್ಕೆ 12 ಉಸಿರಾದರೆ ಒಟ್ಟು ಗಾಳಿ 6 ಲೀಟರ್. ಉಪಯೋಗಕ್ಕೆ ಬಂದುದು 4.2 ಲೀಟರ್. ಬಿಗಿತದಿಂದಾಗಿ ಉಸಿರಿನ ಆಳ ಅರ್ಧಕ್ಕಿಳಿದು, ಅದನ್ನು ಸರಿದೂಗಿಸಲು ವೇಗ ಇಮ್ಮಡಿಯಾಯಿತೆಂದು ಭಾವಿಸಿ. ನಿಮಿಷಕ್ಕೆ 250 ಮಿಲಿಲೀಟರಿನ 24 ಉಸಿರುಗಳು. ಒಟ್ಟು ಮತ್ತೆ 6 ಲೀಟರೇ. ಆದರೆ ಪ್ರತಿ ಉಸಿರಿನಲ್ಲಿ 150 ವ್ಯರ್ಥವಾದ ಮೇಲೆ ಉಳಿಯುವುದು ಕೇವಲ 100. ಉಪಯೋಗಕ್ಕೆ ಬಂದುದು 2.4 ಲೀಟರ್ ಮಾತ್ರ! ಇದು ಲೆಕ್ಕಕ್ಕಾಗಿ ತೆಗೆದುಕೊಂಡ ಉದಾಹರಣೆ. ಎಲ್ಲರಲ್ಲಿಯೂ ಉಸಿರು ಇಷ್ಟು ಕುಗ್ಗುವುದಿಲ್ಲ. ಆದರೂ ಮೇಲುಸಿರು ಬಿಡುತ್ತ ವೇಗವಾಗಿ ಉಸಿರಾಡಿದರೆ ಕೊರತೆ ತುಂಬದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಜೋರಾದ ಓಟದಲ್ಲಿಯಾದರೋ ದೇಹವು ನಿಮಿಷಕ್ಕೆ 6 ಲೀಟರಿನ ಬದಲು 60 ಲೀಟರ್, ಅದಕ್ಕೂ ಹೆಚ್ಚು ಗಾಳಿಯನ್ನು ಬೇಡುತ್ತದೆ. ಕುಳಿತಾಗ ತಿಳಿಯದ ಬಿಗಿತ ಓಡುವಾಗ ತಿಳಿಯುವುದು ಇದರಿಂದಲೇ.

ಎರಡನೆಯದು ಒತ್ತಡದ ಲೆಕ್ಕ. ದುಂಡಾದ ವಸ್ತುವಿನ ಸುತ್ತ ಎಳೆದು ಕಟ್ಟಿದ ಪಟ್ಟಿ ಅದನ್ನು ಎಷ್ಟು ಒತ್ತುತ್ತದೆ? ಫ್ರೆಂಚ್ ಗಣಿತಜ್ಞ ಲಾಪ್ಲಾಸನ ಹೆಸರಿನ ನಿಯಮ ಇದನ್ನು ತಿಳಿಸುತ್ತದೆ: ಪಟ್ಟಿಯ ಎಳೆತವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರೆ ಒತ್ತಡ ದೊರೆಯುತ್ತದೆ. ನಮ್ಮ ಎದೆ ಪೂರ್ಣ ವೃತ್ತವಲ್ಲ. ಮುಂದೂ ಹಿಂದೂ ಚಪ್ಪಟೆ, ಕಂಕುಳ ಕೆಳಗಿನ ಪಕ್ಕಗಳಲ್ಲಿ ಹೆಚ್ಚು ಬಾಗು. ಒಂದು ಮೀಟರ್ ಅಗಲದ ಪಟ್ಟಿಗೆ 100 ನ್ಯೂಟನ್ ಎಳೆತವಿದ್ದು, ಮುಂಭಾಗದ ತ್ರಿಜ್ಯ 20 ಸೆಂಟಿಮೀಟರ್, ಪಕ್ಕದ್ದು 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಮುಂಭಾಗದಲ್ಲಿ 500 ಪಾಸ್ಕಲ್, ಪಕ್ಕಗಳಲ್ಲಿ 1,000 ಪಾಸ್ಕಲ್ ಒತ್ತಡ ಬೀಳುತ್ತದೆ. ಚಪ್ಪಟೆಯಾಗಬೇಕಾದ್ದು ಎದೆ, ಹೆಚ್ಚು ಒತ್ತಿಸಿಕೊಳ್ಳುವುದು ಪಕ್ಕೆಲುಬು! ಐನೂರು ಪಾಸ್ಕಲ್ ಎಂದರೆ 5 ಸೆಂಟಿಮೀಟರ್ ನೀರಿನ ಒತ್ತಡ. ಶಾಂತವಾಗಿ ಉಸಿರೆಳೆಯುವಾಗ ಶ್ವಾಸಕೋಶಗಳ ಸುತ್ತಲಿನ ಒತ್ತಡ ಇಳಿಯುವುದು ಸುಮಾರು 3 ಸೆಂಟಿಮೀಟರ್ ನೀರಿನಷ್ಟು ಮಾತ್ರ. ಆದುದರಿಂದ ಹೊರಗಿನ ಈ ಒತ್ತಡ ಅಲ್ಪವೆಂದು ತಳ್ಳಿಹಾಕುವಂಥದಲ್ಲ.

ಇದೇ ನಿಯಮದಿಂದ ಇನ್ನೂ ಕೆಲವು ಸಂಗತಿಗಳು ತಿಳಿಯುತ್ತವೆ. ಒಂದರ ಮೇಲೊಂದು ಎರಡು ಎದೆಕಟ್ಟು ತೊಟ್ಟರೆ ಒತ್ತಡಗಳು ಕೂಡಿಕೊಳ್ಳುತ್ತವೆ. ಎದೆಕಟ್ಟು ದೊರೆಯದ ಕಡೆ ಕೆಲವರು ಔಷಧದಂಗಡಿಯ ಕ್ರೇಪ್ ಬ್ಯಾಂಡೇಜನ್ನು ಸುತ್ತಿಕೊಳ್ಳುತ್ತಾರೆ; ಅದರ ಐದು ಸುತ್ತು ಒಂದು ಸುತ್ತಿನ ಐದರಷ್ಟು ಒತ್ತುತ್ತದೆ. ಅಂಟುಪಟ್ಟಿ ಹಿಗ್ಗುವುದೇ ಇಲ್ಲ. ಎದೆ ತುಸು ಉಬ್ಬಿದರೂ ಎಳೆತ ಒಮ್ಮೆಲೇ ಏರುತ್ತದೆ. ಈ ಎರಡನ್ನೂ ವ್ಯಾಯಾಮದಲ್ಲಂತೂ ಸರ್ವಥಾ ಬಳಸಬಾರದು. ಹಿಂದೆ ವೈದ್ಯರು ಮುರಿದ ಪಕ್ಕೆಲುಬಿಗೆ ಎದೆಯ ಸುತ್ತ ಬಿಗಿಯಾಗಿ ಪಟ್ಟಿ ಕಟ್ಟುತ್ತಿದ್ದರು. ಉಸಿರು ಆಳವಾಗದೆ ಶ್ವಾಸಕೋಶದ ತಳದಲ್ಲಿ ಕಫ ನಿಂತು ನ್ಯುಮೋನಿಯಾಕ್ಕೆ ಎಡೆಯಾಗುವುದೆಂದು ಕಂಡು ಆ ಪದ್ಧತಿಯನ್ನು ಕೈಬಿಡಲಾಯಿತು.

ಮೂರನೆಯದು ಶಾಖದ ಲೆಕ್ಕ. ಒಂದು ಗ್ರಾಂ ಬೆವರು ಚರ್ಮದ ಮೇಲೆ ಆವಿಯಾಗುವಾಗ ಸುಮಾರು 580 ಕೆಲೊರಿ ಶಾಖವನ್ನು ಹೀರುತ್ತದೆ. ಬೀದರ್ ಸೀಮೆಯ ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿಯ ಸಮೀಪಕ್ಕೇರುವುದುಂಟು. ಗಾಳಿಯೇ ಚರ್ಮಕ್ಕಿಂತ ಬಿಸಿಯಾಗಿರುವಾಗ ಮೈ ತಣಿಯಲು ಬೆವರೊಂದೇ ಗತಿ. ಮುಂಡದ ಬಹುಭಾಗವನ್ನು ನೈಲಾನ್ ಬಟ್ಟೆ ಅಂಟಿಕೊಂಡು ಮುಚ್ಚಿದ್ದರೆ ಅಲ್ಲಿನ ಬೆವರು ಸುಲಭವಾಗಿ ಆವಿಯಾಗದು. ಮಳೆಗಾಲದ ತೇವದ ಗಾಳಿಯಲ್ಲಿಯೂ ಇದೇ ತೊಂದರೆ. ಆದುದರಿಂದ ಬೇಸಗೆಯಲ್ಲಿ ಸೂರ್ಯೋದಯದ ಹೊತ್ತೇ ವ್ಯಾಯಾಮಕ್ಕೆ ತಕ್ಕ ಹೊತ್ತು. ಮೊದಲೂ ಆಮೇಲೂ ನೀರನ್ನೋ ಮಜ್ಜಿಗೆಯನ್ನೋ ಕುಡಿಯಬೇಕು.

ಅನುಭವವೂ ಈ ಲೆಕ್ಕಗಳಿಗೆ ಹೊಂದುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಎದೆಕಟ್ಟು ತೊಟ್ಟ ಅನುಭವವಿದ್ದ, 38 ದೇಶಗಳ 1,800 ಮಂದಿಯನ್ನು ಪ್ರಶ್ನಿಸಲಾಯಿತು. ನೂರಕ್ಕೆ 97 ಮಂದಿ ಒಂದಲ್ಲ ಒಂದು ತೊಂದರೆಯನ್ನು ಹೇಳಿದರು. ಬೆನ್ನುನೋವು ಮತ್ತು ಅತಿ ಸೆಕೆ ಅರ್ಧಕ್ಕಿಂತ ಹೆಚ್ಚು ಮಂದಿಗೆ. ಎದೆನೋವು ಮತ್ತು ಉಸಿರಿನ ಕೊರತೆ ಅರ್ಧಕ್ಕೆ ಸ್ವಲ್ಪ ಕಡಮೆ ಮಂದಿಗೆ. ಅಂಗಡಿಯಲ್ಲಿ ಕೊಂಡ ಎದೆಕಟ್ಟೂ ಇದಕ್ಕೆ ಹೊರತಾಗಿರಲಿಲ್ಲ. ಉತ್ತರಿಸಿದವರು ತಾವಾಗಿ ಮುಂದೆ ಬಂದವರಾದುದರಿಂದ ಈ ಅಂಕಿಗಳು ಎಲ್ಲರಿಗೂ ಹಾಗೆಯೇ ಅನ್ವಯಿಸವು. ಆದರೆ ಒಂದು ಸಂಗತಿ ಗಮನಾರ್ಹ: ವಾರದಲ್ಲಿ ಹೆಚ್ಚು ದಿನ ತೊಟ್ಟವರಲ್ಲಿ ತೊಂದರೆ ಹೆಚ್ಚು. ಎಂದರೆ ಬಿಡುವಿನ ದಿನಗಳಿಗೆ ಬೆಲೆಯುಂಟು.

ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ತೊಡಬಾರದು, ಮಲಗುವಾಗ ತೊಡಲೇಬಾರದು ಎಂಬುದು ಸಾಮಾನ್ಯವಾದ ಸಲಹೆ. ಈಗ ಭಾಲ್ಕಿಯಿಂದಲೋ ಔರಾದದಿಂದಲೋ ಬೀದರಿನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳೋಣ. ಎರಡೂ ಊರುಗಳು ಬೀದರಿಗೆ ಸುಮಾರು 40 ಕಿಲೋಮೀಟರ್ ದೂರ. ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಆರಕ್ಕೆ ಮರಳಿದರೆ ಹನ್ನೊಂದು ಗಂಟೆಗಳಾದವು. ಎಂಟರ ಮಿತಿ ಆಗಲೇ ಮೀರಿತು. ಅದರ ಮೇಲೆ ಸಂಜೆಯ ಆಟವನ್ನೂ ಹೇರುವುದು ಸರಿಯಲ್ಲ. ಮನೆಗೆ ಬಂದು ಎದೆಕಟ್ಟನ್ನು ತೆಗೆದು, ಒಂದಷ್ಟು ಹೊತ್ತು ವಿಶ್ರಮಿಸಿ, ಸಡಿಲ ಅಂಗಿಯಲ್ಲಿ ಕೋಣೆಯೊಳಗೇ ವ್ಯಾಯಾಮ ಮಾಡುವುದು ಲೇಸು. ಇಲ್ಲವೆ ಮುಂಜಾನೆ, ಎದೆಕಟ್ಟು ತೊಡುವುದಕ್ಕೆ ಮುನ್ನವೇ ಮುಗಿಸಬಹುದು.

ಎದೆಕಟ್ಟಿಲ್ಲದೆ ಹೊರಗೆ ಹೋಗಲಾರೆನೆನ್ನುವವರಿಗೆ ನಡುವಣ ಮಾರ್ಗವೊಂದುಂಟು. ಕ್ರೀಡೆಗಾಗಿಯೇ ಹೊಲಿದ ಸ್ಪೋರ್ಟ್ಸ್ ಬ್ರಾ ತೊಟ್ಟು ಮೇಲೊಂದು ದೊಗಲೆ ಅಂಗಿಯನ್ನು ಹಾಕಬಹುದು. ಅದೂ ಒಗ್ಗದಿದ್ದರೆ ಒಂದು ಅಳತೆ ದೊಡ್ಡದಾದ, ಬಳಸಿ ಸಡಿಲವಾದ ಎದೆಕಟ್ಟನ್ನು ತೊಡಬಹುದು. ಬೆವರಿದ ಮೈಯಿಂದ ತಲೆಯ ಮೇಲೆ ಎಳೆದು ತೆಗೆಯುವುದಕ್ಕಿಂತ ಮುಂದೆ ಜಿಪ್ಪು ಅಥವಾ ಕೊಕ್ಕೆಯುಳ್ಳದ್ದನ್ನು ಬಿಚ್ಚುವುದು ಸುಲಭ. ಆಸ್ತಮಾ, ಹೃದ್ರೋಗ ಅಥವಾ ಬೆನ್ನಿನ ತೊಂದರೆಯುಳ್ಳವರು ಮೊದಲೇ ವೈದ್ಯರನ್ನು ಕೇಳತಕ್ಕದ್ದು.

ವ್ಯಾಯಾಮದ ಆಯ್ಕೆಯೂ ಮುಖ್ಯ. ನಡಿಗೆ, ಮೆಲ್ಲನೆಯ ಸೈಕಲ್ ಸವಾರಿ, ಬಸ್ಕಿ ಮುಂತಾದವು ಕಾಲಿನ ಕೆಲಸ. ನಿಧಾನವಾಗಿ ಮಾಡಿದರೆ ಉಸಿರು ಕೈಗೆಟಕುವಂತಿರುತ್ತದೆ. ಬೀದರ್ ಕೋಟೆಯ ಒಳಗಿನ ವಿಶಾಲ ಹಾದಿಗಳು ನಡಿಗೆಗೆ ಚೆನ್ನು. ದಂಡ ಹೊಡೆಯುವುದು, ಭಾರ ಎತ್ತುವುದು, ವೇಗದ ಓಟ ಇವು ಎದೆಗೂಡಿನ ಪೂರ್ಣ ಚಲನೆಯನ್ನು ಬೇಡುತ್ತವೆ; ಇವನ್ನು ಎದೆಕಟ್ಟಿಲ್ಲದ ವೇಳೆಗೆ ಇಟ್ಟುಕೊಳ್ಳಬೇಕು. ಕಬಡ್ಡಿಯಂತೂ ಬೇರೆಯೇ ಮಾತು. ಒಂದೇ ಉಸಿರಿನಲ್ಲಿ ಕಬಡ್ಡಿ, ಕಬಡ್ಡಿ ಎನ್ನುತ್ತ ಎದುರಾಳಿಗಳ ನೆಲದಲ್ಲಿ ಸುಳಿದಾಡಿ ಮರಳಬೇಕು. ಎದೆಯಲ್ಲಿ ತುಂಬಿಕೊಂಡ ಗಾಳಿಯೇ ಆಟಗಾರನ ಬಂಡವಾಳ. ಆ ಬಂಡವಾಳವನ್ನೇ ಎದೆಕಟ್ಟು ಕುಗ್ಗಿಸುತ್ತದೆ. ಮೇಲಾಗಿ ಹಿಡಿತ ಬೀಳುವುದು ಮೊದಲೇ ಒತ್ತಡಕ್ಕೊಳಗಾದ ಪಕ್ಕೆಗಳ ಮೇಲೆ. ಬಿಗಿಯಾದ ಎದೆಕಟ್ಟು ತೊಟ್ಟು ಈ ಆಟಕ್ಕೆ ಇಳಿಯಬಾರದು.

ಶ್ರಮ ಮಿತಿಯಲ್ಲಿದೆಯೇ ಎಂದು ಅರಿಯಲು ಯಾವ ಯಂತ್ರವೂ ಬೇಡ. ವ್ಯಾಯಾಮದ ನಡುವೆ ಒಂದು ಪೂರ್ಣ ವಾಕ್ಯವನ್ನು ತಡೆಯಿಲ್ಲದೆ ಹೇಳಿನೋಡಿ. ಹೇಳಲಾದರೆ ಸರಿ, ನಡುವೆ ಉಸಿರು ಕಡಿದರೆ ವೇಗವನ್ನು ತಗ್ಗಿಸಬೇಕು. ತಲೆ ಸುತ್ತಿದರೆ, ಎದೆಯಲ್ಲಿ ಅಥವಾ ಪಕ್ಕೆಯಲ್ಲಿ ಚುಚ್ಚುವ ನೋವು ಬಂದರೆ, ಕೈ ಜೋಮು ಹಿಡಿದರೆ ಒಡನೆ ನಿಲ್ಲಿಸಿ ಎದೆಕಟ್ಟನ್ನು ಬಿಚ್ಚಬೇಕು. ಬಿಚ್ಚಲಾಗದಿದ್ದರೆ ಕತ್ತರಿಸಿಯಾದರೂ ತೆಗೆಯಬೇಕು. ಬಿಚ್ಚಿದ ಮೇಲೂ ನೋವಾಗಲಿ ಉಸಿರಿನ ತೊಂದರೆಯಾಗಲಿ ಉಳಿದರೆ ಭಾಲ್ಕಿ, ಔರಾದಗಳ ಸರ್ಕಾರಿ ಆಸ್ಪತ್ರೆಗೋ ಬೀದರಿನ ಬ್ರಿಮ್ಸ್ ಆಸ್ಪತ್ರೆಗೋ ತಡಮಾಡದೆ ಹೋಗಬೇಕು. ಎದೆಕಟ್ಟಿನ ವಿಷಯವನ್ನು ವೈದ್ಯರಿಂದ ಮುಚ್ಚಿಡಬಾರದು. ತೊಂದರೆಯಿಲ್ಲದ ದಿನಗಳಲ್ಲಿಯೂ ವ್ಯಾಯಾಮ ಮುಗಿದೊಡನೆ ಅದನ್ನು ತೆಗೆದು, ಐದಾರು ಸಲ ಆಳವಾಗಿ ಉಸಿರಾಡಿ, ಒಂದೆರಡು ಸಲ ಕೆಮ್ಮಿ, ತೋಳುಗಳನ್ನು ಮೇಲೆತ್ತಿ ಮೈ ಚಾಚುವುದು ಹಿತಕರ. ಬೆವರಿನ ಎದೆಕಟ್ಟನ್ನು ತೊಳೆದು ಚೆನ್ನಾಗಿ ಒಣಗಿಸಿದ ಹೊರತು ಮತ್ತೆ ತೊಡಬಾರದು, ಚರ್ಮ ಕೆಡುತ್ತದೆ.

ಜೊತೆಗಾರರಿಗೂ ದೈಹಿಕ ಶಿಕ್ಷಕರಿಗೂ ಒಂದು ಮಾತು. ಓಟದ ನಡುವೆ ಒಬ್ಬರು ನಿಂತು ಉಸಿರು ತೆಗೆದುಕೊಂಡರೆ ಕಾರಣ ಕೇಳಿ ಹಾಸ್ಯ ಮಾಡದೆ ಬಿಡುವು ಕೊಡಿ. ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಯೊಂದನ್ನು ಒದಗಿಸಿ. ಬದಲಿಸಲು ಜಾಗವಿದ್ದರೆ ಎದೆಕಟ್ಟನ್ನು ಹೊತ್ತಿಗೆ ಸರಿಯಾಗಿ ತೆಗೆಯುವುದೂ ಸುಲಭ.